ಕೊನೆಗೆ ಬರುವವನು ಯಾರು? - ಟಿಕೆಟ್ ದರದ ಏರಿಳಿತ ಕುರಿತು

(ಇಳಕಲ್ಲಿನಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಕಾರ್ಯದರ್ಶಿಗಳು ಫೋನ್ ಮಾಡಿ, "ಸರ್, ಶಿಕ್ಷಣದ ಮಹತ್ವದ ಬಗ್ಗೆ ಎರಡು ಮಾತು ಹೇಳ್ರಿ" ಅಂದರು. ಶಿಕ್ಷಣದ ಮಹತ್ವ ಗೊತ್ತಿಲ್ಲದವರು ಈ ಪೆಂಡಾಲಿನೊಳಗೆ ಯಾರೂ ಇಲ್ಲ. ಆದ್ದರಿಂದ ಟಿಕೆಟ್ಟಿನ ಬೆಲೆಯ ಬಗ್ಗೆ ಮಾತಾಡುತ್ತೇನೆ ಅಂದೆ. ಅವರು ನಕ್ಕರು. ನಾನು ನಗಲಿಲ್ಲ. ಕಾರಣ ಹೇಳುತ್ತೇನೆ.

ಕಳೆದ ವರ್ಷ ನಮ್ಮ ಓಣಿಯ ಒಬ್ಬ ನೇಕಾರರ ಮಗನಿಗೆ ಮಂಗಳೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಮಂಗಳವಾರ ಫೋನಿನಲ್ಲಿ ಖಾಸಗಿ ಬಸ್ಸಿನ ದರ ನೋಡಿದಾಗ 800 ರೂಪಾಯಿ ಇತ್ತು. ಮಜೂರಿ ಶನಿವಾರ ಕೈಗೆ ಬರುವುದು, ಬಂದ ಮೇಲೆ ತೆಗೆದರಾಯಿತು ಅಂದುಕೊಂಡರು. ಗುರುವಾರ ನೋಡಿದರೆ 1,400. ಶನಿವಾರ ಮಜೂರಿ ಎಣಿಸಿಕೊಂಡು ಬಂದು ನೋಡಿದರೆ 2,100. ಅವರು ನನ್ನ ಮನೆ ಕಟ್ಟೆಯ ಮೇಲೆ ಕುಳಿತು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಸರ್, ಬಸ್ಸು ಅದs, ಸೀಟು ಅದs, ರಸ್ತೇನೂ ಅದs. ನಾಕು ದಿನದಾಗ ಏನು ಬದಲಾತ್ರಿ?" ಬದಲಾದದ್ದು ಅವರೇ. ಮಂಗಳವಾರ ಅವರು ಹೋಗಬಹುದಾದ ಪ್ರಯಾಣಿಕರಾಗಿದ್ದರು, ಶನಿವಾರ ಹೋಗಲೇಬೇಕಾದ ಪ್ರಯಾಣಿಕರಾಗಿದ್ದರು. ಅಂದು ನನಗೆ ಇಷ್ಟು ಚೆನ್ನಾಗಿ ಹೇಳಲು ಬರಲಿಲ್ಲ. ತಂದೆ ಮಗ ಸರಕಾರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಬೇರೆ ಬಸ್ಸು ಹಿಡಿದು, ದಾರಿಯುದ್ದಕ್ಕೂ ಅರ್ಧ ನಿಂತು ಅರ್ಧ ಕುಳಿತು ಮಂಗಳೂರು ಮುಟ್ಟಿದರು.

ಈಗ ನಮ್ಮೂರಿನ ಸರಕನ್ನೇ ನೋಡಿ. ತೋಪು ತೆನೆ ಸೆರಗಿನ ಸೀರೆ ಇಂದು ಮಾರಾಟವಾಗದಿದ್ದರೆ ಕಪಾಟಿನಲ್ಲಿ ಇರುತ್ತದೆ. ಗಣಿಯಿಂದ ತೆಗೆದ ಕೆಂಪು ಗ್ರಾನೈಟ್ ಕಲ್ಲು ಹತ್ತು ವರ್ಷ ಬಯಲಲ್ಲಿ ಬಿದ್ದರೂ ಕಲ್ಲಾಗಿಯೇ ಇರುತ್ತದೆ. ಬಸ್ಸಿನ ಸೀಟು ಹಾಗಲ್ಲ. ರಾತ್ರಿ 9 ಗಂಟೆಗೆ ಬಸ್ಸು ನಿಲ್ದಾಣ ಬಿಟ್ಟಿತೆಂದರೆ ಖಾಲಿ ಸೀಟಿನ ಬೆಲೆ ಸೊನ್ನೆ. ಸಂಜೆ ಸಂತೆಯಲ್ಲಿ ಉಳಿದ ಕೊತ್ತಂಬರಿ ಸಿವುಡಿನ ಗತಿಯೇ ಅದಕ್ಕೂ. ಹಾಗಿದ್ದರೆ ಕೊತ್ತಂಬರಿಯಂತೆ ಸೀಟೂ ಕೊನೆಗೆ ಅಗ್ಗವಾಗಬೇಕಲ್ಲ, ಏಕೆ ತುಟ್ಟಿಯಾಗುತ್ತದೆ ಎಂದು ಯಾವ ಹುಡುಗನಾದರೂ ಕೇಳಿದರೆ ಅವನಿಗೆ ನೂರಕ್ಕೆ ನೂರು ಅಂಕ ಕೊಡುತ್ತೇನೆ. ಇಡೀ ವಿಷಯ ಇರುವುದು ಆ ಪ್ರಶ್ನೆಯಲ್ಲೇ.

1972ರಲ್ಲಿ ಬ್ರಿಟನ್ನಿನ ಬಿ.ಓ.ಎ.ಸಿ. ವಿಮಾನ ಕಂಪನಿಯಲ್ಲಿದ್ದ ಕೆನ್ ಲಿಟಲ್‌ವುಡ್ ಎಂಬವರು ಇದಕ್ಕೊಂದು ಲೆಕ್ಕ ಹಾಕಿದರು. ಪಿ.ಯು.ಸಿ. ವಿದ್ಯಾರ್ಥಿಗಳು ಬರೆದುಕೊಳ್ಳಬಹುದು, ಕಷ್ಟವೇನಿಲ್ಲ. ಒಂದು ಸೀಟಿಗೆ ಇಂದು ಒಬ್ಬ 600 ರೂಪಾಯಿ ಕೊಡಲು ಸಿದ್ಧನಿದ್ದಾನೆ. ಹೊರಡುವ ದಿನ 1,500 ಕೊಡುವವನು ಬಂದರೂ ಬರಬಹುದು. 600ನ್ನು 1,500ರಿಂದ ಭಾಗಿಸಿದರೆ ನೂರಕ್ಕೆ 40. ಆ ಕೊನೆಯ ಗಿರಾಕಿ ಬರುವ ಸಂಭವ ನೂರಕ್ಕೆ 40ಕ್ಕಿಂತ ಹೆಚ್ಚು ಎನಿಸಿದರೆ 600ರವನನ್ನು ವಾಪಸು ಕಳಿಸಿ ಸೀಟು ಖಾಲಿ ಇಟ್ಟುಕೊಳ್ಳುವುದು ಲಾಭ. ಕಡಿಮೆ ಎನಿಸಿದರೆ ಕೂಡಲೇ ಮಾರುವುದು ಲಾಭ. ಇಂದು ಕಂಪ್ಯೂಟರು ಇದೇ ಲೆಕ್ಕವನ್ನು ದಿನಕ್ಕೆ ಎಷ್ಟೋ ಸಲ, ಪ್ರತಿ ಸೀಟಿಗೂ ಹಾಕುತ್ತದೆ. ಅದಕ್ಕೆ ನಿಮ್ಮ ಮೇಲೆ ಸಿಟ್ಟೂ ಇಲ್ಲ, ಕರುಣೆಯೂ ಇಲ್ಲ. ಕೊನೆಗೆ ಬರುವವನು ಯಾರು ಎಂಬುದಷ್ಟೇ ಅದರ ಪ್ರಶ್ನೆ.

ವಿಮಾನಕ್ಕೆ ಕೊನೆಗೆ ಬರುವವನು ಯಾರು? ತಂದೆಗೆ ಕಾಯಿಲೆ ಎಂದು ಸುದ್ದಿ ಬಂದವನು, ನಾಳೆ ಸಂದರ್ಶನ ಇರುವವನು, ಕಂಪನಿ ಖರ್ಚಿನಲ್ಲಿ ಹೋಗುವವನು. ಅವನು ಎಷ್ಟಾದರೂ ಕೊಡುತ್ತಾನೆ. ಅದಕ್ಕೇ ಕೊನೆಗೆ ದರ ಏರುತ್ತದೆ.

ಕಡಲಿನಲ್ಲಿ ವಿಹಾರಕ್ಕೆ ಹೋಗುವ ಕ್ರೂಸ್ ಹಡಗಿಗೆ ಕೊನೆಗೆ ಬರುವವನು ಯಾರು? ನಮ್ಮ ಜಿಲ್ಲೆಗೆ ಕಡಲಿಲ್ಲ, ಆದರೂ ಸ್ವಲ್ಪ ಅತ್ತ ನೋಡೋಣ. 2021ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಕಾರ್ಡೀಲಿಯಾ ಕ್ರೂಸಸ್‌ನ ಎಂಪ್ರೆಸ್ ಹಡಗು ಯಾನ ಆರಂಭಿಸಿತು. ಜಗತ್ತಿನ ದೊಡ್ಡ ಕ್ರೂಸ್ ಕಂಪನಿಗಳು ಒಂದು ವರ್ಷ, ಕೆಲವು ಎರಡು ವರ್ಷ ಮೊದಲೇ ಕೋಣೆ ಮಾರಲು ಕೂರುತ್ತವೆ. ಆಗ ಮುಂಗಡ ಕೊಟ್ಟರೆ ಸಾಕು. ಹೊರಡುವುದಕ್ಕೆ ಎರಡರಿಂದ ನಾಲ್ಕು ತಿಂಗಳು ಮೊದಲು ಪೂರ್ತಿ ಹಣ ಕಟ್ಟುವ ಗಡುವು ಬರುತ್ತದೆ. ದರದ ತಿರುವು ಇರುವುದು ಅಲ್ಲಿ. ಮನಸ್ಸು ಬದಲಾದವರೆಲ್ಲ ಆ ಗಡುವಿನ ಹೊತ್ತಿಗೆ ರದ್ದು ಮಾಡುತ್ತಾರೆ, ಕೋಣೆಗಳು ಮತ್ತೆ ಮಾರಾಟಕ್ಕೆ ಬರುತ್ತವೆ. ಎಷ್ಟು ಉಳಿದಿವೆ ಎಂದು ಕಂಪನಿಗೆ ನಿಜವಾಗಿ ಗೊತ್ತಾಗುವುದೇ ಆಗ. ಬಹಳ ಉಳಿದಿದ್ದರೆ ದರ ಇಳಿಸುತ್ತದೆ, ಕಡಿಮೆ ಇದ್ದರೆ ಏರಿಸುತ್ತದೆ. ಇಳಿಸಲು ಇನ್ನೊಂದು ಕಾರಣವೂ ಇದೆ. ಹಡಗು ಹತ್ತಿದವನು ಒಳಗೆ ತಿಂಡಿ, ಪಾನೀಯ, ಅಂಗಡಿ, ಆಟ ಎಂದು ಹಣ ಬಿಚ್ಚುತ್ತಾನೆ, ಖಾಲಿ ಕೋಣೆ ಏನನ್ನೂ ಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವಿಹಾರಕ್ಕೆ ಹೋಗಲೇಬೇಕಾದವನು ಎಂಬುವನು ಲೋಕದಲ್ಲಿ ಯಾರೂ ಇಲ್ಲ. ತುಟ್ಟಿ ಎನಿಸಿದರೆ ಮನೆಯಲ್ಲೇ ಉಳಿಯುತ್ತಾನೆ.

ಹಾಗೆಂದು ಕೊನೆ ಗಳಿಗೆಯ ಅಗ್ಗ ಎಲ್ಲರಿಗೂ ಸಿಗುವುದಿಲ್ಲ. ಅದು ಬಂದರಿನ ಪಕ್ಕದಲ್ಲಿ ಮನೆ ಇದ್ದು, ಕೈಯಲ್ಲಿ ಬಿಡುವೂ ಹಣವೂ ಇದ್ದವನ ಪಾಲು. ಇಳಕಲ್ಲಿನವನು ಮುಂಬಯಿ ಮುಟ್ಟುವ ಬಸ್ಸು, ರೈಲಿನ ಖರ್ಚಿನಲ್ಲೇ ಆ ಉಳಿತಾಯ ಕರಗಿಹೋಗುತ್ತದೆ.

ಹಡಗಿನ ದರ ಎಂದಾಗ ನಮ್ಮ ಮನೆಗಳಲ್ಲಿ ನೆನಪಾಗುವುದು ಕ್ರೂಸ್ ಅಲ್ಲ, ಹಜ್ ಹಡಗು. 19ನೇ ಶತಮಾನದಲ್ಲಿ ಹೊಲ ಮಾರಿ, ಗಂಟು ಕಟ್ಟಿಕೊಂಡು ಮುಂಬಯಿಗೆ ಹೋದ ಯಾತ್ರಿಕ ಅಲ್ಲಿ ದಲ್ಲಾಳಿಯ ಕೈಗೆ ಬೀಳುತ್ತಿದ್ದ. ಬಂದರಿನಲ್ಲಿ ಎರಡು ಹಡಗು ನಿಂತಿದ್ದರೆ ದರ ಇಳಿಯುತ್ತಿತ್ತು. ಒಂದೇ ಇದ್ದು, ಹಜ್‌ನ ದಿನ ಹತ್ತಿರ ಬಂದರೆ ಏರುತ್ತಿತ್ತು. ಯಾತ್ರಿಕ ಹಿಂದಿರುಗುವಂತಿಲ್ಲ, ತಡ ಮಾಡುವಂತಿಲ್ಲ, ದಿನ ಮುಂದೂಡುವಂತಿಲ್ಲ. ನಮ್ಮ ಓಣಿಯ ನೇಕಾರರ ಶನಿವಾರದ ಸ್ಥಿತಿಯೇ ಅವನದ್ದು. ದೂರು ಹೆಚ್ಚಿದಾಗ 1886ರಲ್ಲಿ ಬ್ರಿಟಿಷ್ ಸರಕಾರ ಈ ಕೆಲಸವನ್ನು ಥಾಮಸ್ ಕುಕ್ ಕಂಪನಿಗೆ ಒಪ್ಪಿಸಿತು. ಹತ್ತು ವರ್ಷದೊಳಗೇ ಆ ಏರ್ಪಾಡು ಮುಗಿಯಿತು.

ಮುಂದೆ ಈ ಮಾರ್ಗದಲ್ಲಿ ಮೊಘಲ್ ಲೈನ್ ಕಂಪನಿಯದ್ದೇ ದೊಡ್ಡ ಕೈಯಾಯಿತು. 1937ರಲ್ಲಿ ವಾಲ್‌ಚಂದ್ ಹೀರಾಚಂದರ ಸಿಂಧಿಯಾ ಕಂಪನಿ 'ಎಲ್ ಮದೀನಾ' ಎಂಬ ಹೊಸ ಹಡಗನ್ನು ತಂದು ಎದುರಿಗೆ ನಿಂತಿತು. ಇದೇ ವಾಲ್‌ಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದವರು, ಇಂದಿನ ಎಚ್.ಎ.ಎಲ್.ನ ಮೂಲ ಅದೇ. ಎರಡು ಕಂಪನಿಗಳ ನಡುವೆ ದರದ ಕಾಳಗ ನಡೆದು ಟಿಕೆಟ್ಟಿನ ಬೆಲೆ ಪಾತಾಳಕ್ಕಿಳಿಯಿತು. ಆ ಒಂದೆರಡು ವರ್ಷ ಹೋದವರು ಅದೃಷ್ಟವಂತರು.

ಸ್ವಾತಂತ್ರ್ಯದ ನಂತರ ಹಜ್ ಹಡಗು ಸರಕಾರದ ಅಧೀನಕ್ಕೆ ಬಂದು ದರ ಗೊತ್ತಾದ ದರವಾಯಿತು. ನಮ್ಮ ದಾದಾ ಹೋದದ್ದು ಆ ಕಾಲದಲ್ಲಿ. ಹಡಗಿನ ದರ ಮೊದಲೇ ತಿಳಿದಿತ್ತು, ಸೀಟು ಮಾತ್ರ ಮೂರನೇ ವರ್ಷ ಸಿಕ್ಕಿತು. ವಿದ್ಯಾರ್ಥಿಗಳು ಇದನ್ನೂ ಗಮನಿಸಬೇಕು. ದರವನ್ನು ಕಟ್ಟಿಹಾಕಿದರೆ ಕೊರತೆ ಮಾಯವಾಗುವುದಿಲ್ಲ, ಅದು ಸರದಿಯಾಗಿ, ಚೀಟಿ ಎತ್ತುವ ಕುರ್ರಾ ಆಗಿ ಬರುತ್ತದೆ. ಆದರೆ ಕುರ್ರಾದಲ್ಲಿ ಬಡವನ ಚೀಟಿಯೂ ಶ್ರೀಮಂತನ ಚೀಟಿಯೂ ಒಂದೇ ಅಳತೆಯವು. ಆ ಗುಣವನ್ನು ನಾನು ಸಣ್ಣದೆಂದು ತಿಳಿಯುವುದಿಲ್ಲ.

1995ಕ್ಕೆ ಹಜ್ ಹಡಗು ನಿಂತು, ಎಲ್ಲವೂ ವಿಮಾನವಾಯಿತು. ವಿಮಾನದ ಸಹಾಯಧನವನ್ನು ಹತ್ತು ವರ್ಷದಲ್ಲಿ ಹಂತಹಂತವಾಗಿ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು, 2018ರಲ್ಲಿ ಸರಕಾರ ಪೂರ್ತಿ ನಿಲ್ಲಿಸಿತು. ಹಜ್ ವಿಮಾನ ತುಟ್ಟಿಯಾಗಲು ಒಂದು ಸರಳ ಕಾರಣವಿದೆ. ಜನರನ್ನು ಜಿದ್ದಾಕ್ಕೆ ಬಿಟ್ಟ ವಿಮಾನ ಖಾಲಿ ಬರುತ್ತದೆ, ಕರೆತರಲು ಖಾಲಿ ಹೋಗುತ್ತದೆ. ನಾಲ್ಕು ಸಲ ಹಾರಿ ಎರಡು ಸಲದ ಯಾತ್ರಿಕರಿಂದ ಹಣ ಪಡೆಯಬೇಕು. ಹೊರಡುವ ಊರಿನ ಮೇಲೂ ದರ ನಿಂತಿದೆ. 2024ರ ಹಜ್‌ಗೆ ಕೋಝಿಕ್ಕೋಡಿನಿಂದ ಹೊರಡುವವರ ವಿಮಾನ ದರ ಕೊಚ್ಚಿ, ಕಣ್ಣೂರುಗಳಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು ಎಂದು ಟೆಂಡರಿನಲ್ಲಿ ಬಂದು ಗಲಾಟೆಯಾಯಿತು. 2020ರ ಆಗಸ್ಟ್‌ನ ಅಪಘಾತದ ನಂತರ ಅಲ್ಲಿ ದೊಡ್ಡ ವಿಮಾನ ಇಳಿಯುವಂತಿರಲಿಲ್ಲ. ಸಣ್ಣ ವಿಮಾನವಾದರೆ ತಲೆಗೆ ಬೀಳುವ ಖರ್ಚು ಹೆಚ್ಚು. ಪ್ರತಿಭಟನೆಯ ಮೇಲೆ ಸ್ವಲ್ಪ ಇಳಿಸಿದರು, ಅಂತರ ಉಳಿದೇ ಉಳಿಯಿತು.

ನಮ್ಮ ಕಡೆಯ ಸಾಮಾನ್ಯರಿಗೆ ಏರಿಳಿಯುವ ದರದ ಪರಿಚಯವಾದದ್ದು 2003ರ ಆಗಸ್ಟ್‌ನಲ್ಲಿ ಎನ್ನಬಹುದು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ತನ್ನ ನಿತ್ಯದ ಸಂಚಾರ ಆರಂಭಿಸಿದ್ದು ಬೆಂಗಳೂರು-ಹುಬ್ಬಳ್ಳಿ ನಡುವೆ. ಮುಂದೆ ಅವರು ಒಂದು ರೂಪಾಯಿ ಟಿಕೆಟ್ಟನ್ನೂ ಮಾರಿದರು. ಮೊದಲು ಕೊಂಡವನಿಗೆ ಒಂದು ರೂಪಾಯಿ, ಕೊನೆಗೆ ಕೊಂಡವನಿಗೆ ಸಾವಿರಾರು ರೂಪಾಯಿ, ವಿಮಾನ ಒಂದೇ. ರೈಲಿಗೂ ಈ ಗಾಳಿ ತಗುಲಿತು. 2016ರ ಸೆಪ್ಟೆಂಬರ್‌ನಿಂದ ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಲ್ಲಿ ನೂರಕ್ಕೆ ಹತ್ತು ಸೀಟು ಮುಗಿದಂತೆಲ್ಲ ದರ ಏರುವ ಪದ್ಧತಿ ಬಂತು. ನಮ್ಮ ಬಾಗಲಕೋಟೆ, ಬಾದಾಮಿ ನಿಲ್ದಾಣಗಳಲ್ಲಿ ಹತ್ತುವ ಸಾಮಾನ್ಯ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ದರ ಹಾಗೆ ಏರುವುದಿಲ್ಲ, ತತ್ಕಾಲಿಗೆ ಮಾತ್ರ ಹೆಚ್ಚುವರಿ ಕೊಡಬೇಕು.

ಸರಕಾರ ಮನಸ್ಸು ಮಾಡಿದರೆ ದರಕ್ಕೆ ಮಿತಿ ಹಾಕಬಲ್ಲದು. ಕೊರೋನಾ ಕಾಲದಲ್ಲಿ 2020ರ ಮೇ 25ರಿಂದ 2022ರ ಆಗಸ್ಟ್ ಕೊನೆಯವರೆಗೆ ದೇಶದೊಳಗಿನ ವಿಮಾನ ದರಕ್ಕೆ ಮೇಲೂ ಕೆಳಗೂ ಮಿತಿ ಇತ್ತು. 2025ರ ಡಿಸೆಂಬರ್‌ನಲ್ಲಿ ನೂರಾರು ವಿಮಾನಗಳು ರದ್ದಾಗಿ ದರ ಮುಗಿಲು ಮುಟ್ಟಿದಾಗ, 500 ಕಿಲೋಮೀಟರಿನೊಳಗೆ 7,500 ರೂಪಾಯಿ ಮೀರಬಾರದು ಎಂದು ಆದೇಶವಾಯಿತು. ಹಬ್ಬದ ಖಾಸಗಿ ಬಸ್ಸಿನ ವಿಷಯದಲ್ಲಿ ಪ್ರತಿ ದೀಪಾವಳಿಗೂ ಎಚ್ಚರಿಕೆಯ ಮಾತು ಪತ್ರಿಕೆಯಲ್ಲಿ ಬರುತ್ತದೆ. ಅದರ ಫಲ ನಿಮಗೇ ಗೊತ್ತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮೊದಲೇ ಟಿಕೆಟ್ ತೆಗೆಯಿರಿ ಎಂದು ಉಪದೇಶ ಮಾಡುವುದು ಸುಲಭ. ತಿಂಗಳ ಸಂಬಳ ಪಡೆಯುವ ನನ್ನಂಥವನು ಅದನ್ನು ಮಾಡಿಯಾನು. ವಾರದ ಮಜೂರಿಯವನು, ಗೌಂಡಿ ಕೆಲಸಕ್ಕೆ ಗೋವಾಕ್ಕೆ ಹೋಗುವವನು, ಕಲ್ಲಿನ ಗಣಿಯಲ್ಲಿ ದಿನಗೂಲಿ ಎಣಿಸುವವನು ಮುಂದಿನ ತಿಂಗಳ ಟಿಕೆಟ್ಟಿಗೆ ಇಂದು ಹಣ ಎಲ್ಲಿಂದ ತರಬೇಕು? ಅವನಿಗೆ ಬುದ್ಧಿ ಕಡಿಮೆ ಎಂದಲ್ಲ, ಹಣ ತಡವಾಗಿ ಬರುತ್ತದೆ, ಅಷ್ಟೆ. ಇರುವವನು 800ಕ್ಕೆ ಹೋಗುತ್ತಾನೆ, ಇಲ್ಲದವನು 2,100ಕ್ಕೆ ಹೋಗುತ್ತಾನೆ. ನಾನು ತರಗತಿಯಲ್ಲಿ ವರ್ಷಗಟ್ಟಲೆ 'ಬೇಡಿಕೆ ಮತ್ತು ಪೂರೈಕೆ' ಎಂದು ಕಪ್ಪು ಹಲಗೆಯ ಮೇಲೆ ಎರಡು ಗೆರೆ ಎಳೆದೆ. ಈ ನಾಲ್ಕು ದಿನದ ತಡ ಆ ಗೆರೆಗಳಲ್ಲಿ ಎಂದೂ ಕಾಣಲಿಲ್ಲ.

ಕೆಲವು ದಾರಿಗಳು ಈಗಲೇ ಇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟೇ ಇಲ್ಲ. ಮಗಳನ್ನು ದೂರದ ಕಾಲೇಜಿಗೆ ಕಳಿಸಲು ಬಸ್ ಖರ್ಚಿನ ನೆಪ ಹೇಳುವ ತಂದೆಯಂದಿರು ಇನ್ನು ಬೇರೆ ನೆಪ ಹುಡುಕಬೇಕು. ರೈಲಿನ ಟಿಕೆಟ್ ಈಗ 60 ದಿನ ಮೊದಲು ಸಿಗುತ್ತದೆ. 2024ರ ನವೆಂಬರ್‌ಗೆ ಮುಂಚೆ ಅದು 120 ದಿನ ಇತ್ತು. ಅವಧಿ ಇಳಿದದ್ದು ನಮ್ಮಂಥವರಿಗೆ ಒಳ್ಳೆಯದೇ ಆಯಿತು. ಸಾಕಷ್ಟು ಮೊದಲೇ ರದ್ದು ಮಾಡಿದರೆ ಅಲ್ಪ ಮೊತ್ತ ಹೋಗಿ ಉಳಿದದ್ದು ವಾಪಸು ಬರುತ್ತದೆ. ಕೌನ್ಸೆಲಿಂಗ್ ದಿನ ಖಚಿತವಾಗದಿದ್ದರೂ ಒಂದು ಅಂದಾಜಿನ ಮೇಲೆ ಸೀಟು ಹಿಡಿದಿಡಲು ಅಡ್ಡಿಯಿಲ್ಲ. ಉಮ್ರಾಕ್ಕೆ ಏಜೆಂಟರ ಮೂಲಕ ಹೋಗುವವರು, ಕೊಟ್ಟ ಮುಂಗಡ ಎಂದಿನವರೆಗೆ ವಾಪಸು ಸಿಗುತ್ತದೆ, ದರ ಏರಿದರೆ ಯಾರು ಕೊಡಬೇಕು ಎಂಬೆರಡನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ.

ಇವಿಷ್ಟರಿಂದ ನೇಕಾರರ ಶನಿವಾರದ ತೊಂದರೆ ತೀರುವುದಿಲ್ಲ. ಅದಕ್ಕೆ ಸಂಸ್ಥೆಯ ಮುಂದೆ ಒಂದು ಕೋರಿಕೆ ಇಡುತ್ತೇನೆ. ನಮ್ಮ ಹಿರಿಯರು ಕರ್ಜೆ ಹಸನ, ಬಡ್ಡಿಯಿಲ್ಲದ ಕೈಗಡ, ಬಲ್ಲವರು. ಮದುವೆಗೆ, ಆಸ್ಪತ್ರೆಗೆ ಕೊಡುತ್ತೇವೆ. ಪ್ರಯಾಣಕ್ಕೂ ಒಂದು ಸಣ್ಣ ನಿಧಿ ಇರಲಿ. ಸೀಟು ಸಿಕ್ಕ ಪಟ್ಟಿ ಬಂದ ದಿನವೇ ವಿದ್ಯಾರ್ಥಿ ಕಚೇರಿಗೆ ಬರಲಿ, ಗುಮಾಸ್ತರು ಅಂದೇ ಟಿಕೆಟ್ ತೆಗೆದುಕೊಡಲಿ, ತಂದೆ ಮಜೂರಿ ಬಂದ ಮೇಲೆ 800ನ್ನೇ ವಾಪಸು ಕಟ್ಟಲಿ. ಒಂದೇ ಊರಿಗೆ ನಾಲ್ಕಾರು ಮಕ್ಕಳಿದ್ದರೆ ಒಟ್ಟಿಗೆ ಕಳಿಸಬಹುದು. ಸರಕಾರಿ ಬಸ್ಸಿನಲ್ಲಿ ನಾಲ್ವರು ಒಂದೇ ಮುಂಗಡ ಟಿಕೆಟ್ ಪಡೆದರೆ ನೂರಕ್ಕೆ 5 ರಿಯಾಯಿತಿಯನ್ನು ಕೆ.ಎಸ್.ಆರ್.ಟಿ.ಸಿ. ಕೊಡುತ್ತ ಬಂದಿದೆ. ದೊಡ್ಡ ಮೊತ್ತ ಬೇಕಿಲ್ಲ. ಐವತ್ತು ಸಾವಿರ ರೂಪಾಯಿ ತಿರುಗುತ್ತಾ ಇದ್ದರೆ ಒಂದು ಬೇಸಿಗೆಗೆ ಸಾಕು. ಹಣ ವಾಪಸು ಬರುತ್ತದೆಯೇ ಎಂದು ಕಾರ್ಯದರ್ಶಿಗಳು ಆಗಲೇ ನನ್ನ ಕಡೆ ನೋಡುತ್ತಿದ್ದಾರೆ. ಮಂಗಳೂರಿಗೆ ಹೋದ ಹುಡುಗನ ತಂದೆ ಇಲ್ಲೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ನಾನು ಅವರಿಗೆ ಎರಡು ಸಲ ಕೈಗಡ ಕೊಟ್ಟಿದ್ದೇನೆ, ಎರಡು ಸಲವೂ ಹೇಳಿದ ವಾರಕ್ಕೇ ತಂದುಕೊಟ್ಟರು.

ಮೊದಲ ಎರಡು ಸಾವಿರ ರೂಪಾಯಿಯನ್ನು ಅಧ್ಯಕ್ಷರ ಮುಂದಿನ ಮೇಜಿನ ಮೇಲೆ ಇಟ್ಟಿದ್ದೇನೆ. ಗುಮಾಸ್ತರು ರಸೀದಿ ಪುಸ್ತಕ ತರುವವರೆಗೆ ಯಾರಾದರೂ ಪ್ರಶ್ನೆ ಕೇಳುವುದಿದ್ದರೆ ಕೇಳಬಹುದು.