ನೀರುಗುಳ್ಳೆಯ ತೊಂದರೆ: ನೀವಿಕೆಯಿಂದೆಷ್ಟು, ಆಹಾರದಿಂದೆಷ್ಟು?



ಮದುವೆಯಾಗಿ ಎರಡು ಮೂರು ವರ್ಷಗಳಾದರೂ ಮುಟ್ಟು ಕ್ರಮವಾಗಿ ಬರುವುದಿಲ್ಲ. ಒಮ್ಮೆ 40 ದಿನಕ್ಕೆ ಬಂದರೆ ಮತ್ತೊಮ್ಮೆ ಮೂರು ತಿಂಗಳಾದರೂ ಸುಳಿವಿಲ್ಲ. ಗಲ್ಲದ ಮೇಲೆ ಕೂದಲು, ಮುಖದಲ್ಲಿ ಮೊಡವೆ, ಕತ್ತಿನ ಹಿಂದೆ ಎಷ್ಟು ಉಜ್ಜಿದರೂ ಹೋಗದ ಕಪ್ಪು. ಪೇಟೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಅಂಡಾಶಯದಲ್ಲಿ ನೀರುಗುಳ್ಳೆಗಳಿವೆ ಎಂದು ಚೀಟಿ ಬರೆದು ಕೊಡುತ್ತಾರೆ. ಗುಳ್ಳೆ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯ ಹಿರಿಯರು, ಒತ್ತಿ ನೀವಿದರೆ ಕರಗೀತು ಎಂದು ಹೊಟ್ಟೆ ನೀವುವವರ ಬಳಿಗೆ ಸೊಸೆಯನ್ನು ಕರೆದೊಯ್ಯುತ್ತಾರೆ. ಹಿರಿಯರ ಉದ್ದೇಶ ಒಳ್ಳೆಯದೇ. ಆದರೆ ಇಲ್ಲಿ ಕರಗಿಸಬೇಕಾದ ಗುಳ್ಳೆ ಎಂಬುದೇ ಇಲ್ಲ. ಇದನ್ನು ದಂಪತಿಗಳಿಬ್ಬರೂ ಮೊದಲು ಅರಿಯತಕ್ಕದ್ದು.

ಹೆಣ್ಣಿನ ಎರಡು ಅಂಡಾಶಯಗಳಲ್ಲಿಯೂ ಸಾವಿರಾರು ಸೂಕ್ಷ್ಮ ಕೋಶಗಳಿರುತ್ತವೆ. ಪ್ರತಿ ತಿಂಗಳೂ ಅವುಗಳಲ್ಲಿ ಕೆಲವು ಬೆಳೆಯತೊಡಗಿ, ಒಂದು ಮಾತ್ರ ಪೂರ್ಣ ಬಲಿತು ಅಂಡವನ್ನು ಹೊರಕ್ಕೆ ಬಿಡುತ್ತದೆ. ಈ ತೊಂದರೆಯುಳ್ಳವರಲ್ಲಿ ಕೋಶಗಳು ಬೆಳೆಯಲಾರಂಭಿಸಿ ನಡುವೆಯೇ ನಿಂತುಬಿಡುತ್ತವೆ. 2ರಿಂದ 9 ಮಿಲಿಮೀಟರಿನಷ್ಟು ಚಿಕ್ಕವಾದ ಈ ಕೋಶಗಳು ಸ್ಕ್ಯಾನಿಂಗ್ ಚಿತ್ರದಲ್ಲಿ ಸಾಲಾಗಿ ಗುಳ್ಳೆಗಳಂತೆ ತೋರುತ್ತವೆ. ಹೊಡೆ ಕಟ್ಟಿ ತೆನೆ ಹೊರಡದೆ ನಿಂತ ಪೈರಿನಂತೆ ಇವು. ಅಮೆರಿಕದ ಷಿಕಾಗೋ ನಗರದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಎಂಬುವರು 1935ರಲ್ಲಿ ಏಳು ಮಂದಿ ಸ್ತ್ರೀಯರನ್ನು ಪರೀಕ್ಷಿಸಿ ಈ ಸ್ಥಿತಿಯನ್ನು ವಿವರಿಸಿದರು. ಇಂದು ವೈದ್ಯರು ಇದನ್ನು ಪಿ.ಸಿ.ಓ.ಎಸ್. ಎನ್ನುತ್ತಾರೆ. ಮಕ್ಕಳಾಗುವ ವಯಸ್ಸಿನ ನೂರು ಸ್ತ್ರೀಯರಲ್ಲಿ 6ರಿಂದ 13 ಮಂದಿಗೆ ಇದು ಇರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದುದರಿಂದ ನಿಮ್ಮ ಮನೆಗೆ ಮಾತ್ರ ಬಂದ ಶಾಪವೆಂದು ಕೊರಗಬೇಕಾಗಿಲ್ಲ.

ಹಾಗಾದರೆ ಬೆಳವಣಿಗೆ ನಿಲ್ಲುವುದೇಕೆ? ನಾವು ಉಂಡ ಅನ್ನ ಮುದ್ದೆಗಳಿಂದ ರಕ್ತದಲ್ಲಿ ಸಕ್ಕರೆ ಸೇರುತ್ತದೆ. ಅದನ್ನು ಮಾಂಸಖಂಡಗಳಿಗೆ ತಲುಪಿಸುವ ರಸಕ್ಕೆ ಇನ್ಸುಲಿನ್ ಎಂದು ಹೆಸರು. ಈ ತೊಂದರೆಯುಳ್ಳ ಬಹಳ ಮಂದಿಯಲ್ಲಿ ಶರೀರವು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಆಗ ಅದು ಹೆಚ್ಚು ಹೆಚ್ಚಾಗಿ ಸ್ರವಿಸುತ್ತದೆ. ಹೆಚ್ಚಾದ ಇನ್ಸುಲಿನ್, ಸ್ತ್ರೀಯರಲ್ಲಿ ಸಹಜವಾಗಿಯೇ ಅಲ್ಪ ಪ್ರಮಾಣದಲ್ಲಿರುವ ಪುರುಷ ರಸದೂತವನ್ನು ಅತಿಯಾಗಿ ಉತ್ಪಾದಿಸುವಂತೆ ಅಂಡಾಶಯವನ್ನು ಕೆರಳಿಸುತ್ತದೆ. ಗಲ್ಲದ ಕೂದಲೂ, ಬಲಿಯದ ಅಂಡವೂ ಇದರ ಫಲ. ತೊಡಕಿರುವುದು ರಕ್ತದಲ್ಲಿ. ಅಲ್ಲಿಗೆ ನೀವುವ ಕೈ ಎಟುಕದು.

ನೀವಿಕೆಯಿಂದ ಏನೂ ಪ್ರಯೋಜನವಿಲ್ಲವೆಂದು ಇದರ ಅರ್ಥವಲ್ಲ. ಬೆನ್ನು, ಕಾಲು, ತಲೆಗಳಿಗೆ ಎಣ್ಣೆ ಹಚ್ಚಿ ಮೃದುವಾಗಿ ತಿಕ್ಕಿದರೆ ದಣಿವು ಇಳಿಯುತ್ತದೆ, ಮನಸ್ಸಿಗೆ ಹಗುರವಾಗುತ್ತದೆ, ನಿದ್ರೆ ಬರುತ್ತದೆ. ಚಿಂತೆಯಿಂದ ಬಳಲುವ ಸ್ತ್ರೀಗೆ ಇದೂ ಬೇಕಾದುದೇ. ಆದರೆ ಹೊಟ್ಟೆಯನ್ನು ಒತ್ತುವುದರಿಂದ ಮುಟ್ಟು ಕ್ರಮಕ್ಕೆ ಬಂದು ಗರ್ಭ ನಿಲ್ಲುವುದೆಂದು ನಂಬಲು ಸಾಕಷ್ಟು ಆಧಾರವಿಲ್ಲ; ಅದಕ್ಕಾಗಿ ಸಾಲ ಮಾಡುವುದು ತರವಲ್ಲ. ಇನ್ನೊಂದು ಅಪಾಯವುಂಟು. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವವಳಿಗೆ ತಾನು ಗರ್ಭಿಣಿಯಾಗಿರುವುದು ತಿಳಿಯದೆ ಹೋಗಬಹುದು. ಅಂಥವಳ ಹೊಟ್ಟೆಯನ್ನು ಬಲವಾಗಿ ಅಮುಕುವುದು ಎಷ್ಟು ಅನುಚಿತವೆಂದು ನೀವೇ ಯೋಚಿಸಿರಿ. ಹೊಟ್ಟೆಯ ಒಂದು ಪಕ್ಕದಲ್ಲಿ ಇದ್ದಕ್ಕಿದ್ದಂತೆ ಕಡುನೋವು ಬಂದರೆ ನೀವಿಸದೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಈಗ ಆಹಾರದ ವಿಚಾರ. 2023ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಈ ತೊಂದರೆಯುಳ್ಳ ಎಲ್ಲರಿಗೂ ಹಿತವಾದ ಆಹಾರವನ್ನೂ ದೇಹಶ್ರಮವನ್ನೂ ಹೇಳುತ್ತದೆ. ಇಂಥದೊಂದೇ ಪಥ್ಯ ಶ್ರೇಷ್ಠವೆಂದು ಮಾತ್ರ ಹೇಳುವುದಿಲ್ಲ. ಆದ್ದರಿಂದ ಪೇಟೆಯ ಪುಡಿಗಳಿಗೆ ಹಣ ಸುರಿಯಬೇಡಿರಿ. ರಾಗಿ, ಜೋಳ, ಹುರುಳಿ, ಹೆಸರುಕಾಳು, ನುಗ್ಗೆ ಸೊಪ್ಪು ನಮ್ಮಲ್ಲಿಯೇ ಇವೆ. ತಪ್ಪಿರುವುದು ತಟ್ಟೆಯ ಪ್ರಮಾಣದಲ್ಲಿ. ಎರಡು ದೊಡ್ಡ ಮುದ್ದೆ, ಮೇಲೆ ಅನ್ನ, ನೀರಾದ ಸಾರು: ಇಷ್ಟೇ ಆದರೆ ರಾಗಿಯಾದರೂ ಸಕ್ಕರೆಯನ್ನು ಏರಿಸದೆ ಬಿಡದು. ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ, ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಮುದ್ದೆ, ರೊಟ್ಟಿ ಅಥವಾ ಅನ್ನ ಇರಲಿ. ದಿನಕ್ಕೆ ನಾಲ್ಕು ಲೋಟ ಚಹಾ ಕುಡಿದು, ಲೋಟಕ್ಕೆರಡು ಚಮಚ ಸಕ್ಕರೆ ಹಾಕಿಕೊಂಡರೆ ಎಂಟು ಚಮಚವಾಯಿತು. ಬೆಲ್ಲವಾದರೆ ದೋಷವಿಲ್ಲವೆಂಬ ಮಾತೂ ಸರಿಯಲ್ಲ. ಉಪವಾಸ ಮಾತ್ರ ಕೂಡದು.

ಸೋದರರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸು ಉಣ್ಣುವುದು ಕಡೆಯಲ್ಲಿ. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆ ಬರಿದಾಗಿ, ಕಾಳು ಗಂಡಸರ ತಟ್ಟೆಗೆ ಸೇರಿ, ಅವಳಿಗೆ ಉಳಿಯುವುದು ಅನ್ನವೂ ತಿಳಿಸಾರೂ. ವೈದ್ಯರು ಎಂಥ ಪಥ್ಯ ಬರೆದುಕೊಟ್ಟರೂ ಆ ಪಾತ್ರೆಯ ತಳದಲ್ಲಿ ಅದು ಸಿಗಲಾರದು. ಜೊತೆಯಲ್ಲಿ ಕುಳಿತು ಉಣ್ಣಿರಿ, ಅದಕ್ಕೆ ಖರ್ಚಿಲ್ಲ.

ತೂಕ ಹೆಚ್ಚಿರುವವರು ಶೇಕಡಾ 5ರಿಂದ 10ರಷ್ಟನ್ನು ಇಳಿಸಿದರೂ ಅನೇಕರಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ. 70 ಕಿಲೋ ಇರುವವರಿಗೆ ಇದು ಮೂರೂವರೆಯಿಂದ ಏಳು ಕಿಲೋ ಮಾತ್ರ. ತೆಳ್ಳಗಿರುವವರಿಗೂ ಈ ತೊಂದರೆ ಬರುತ್ತದೆ. ಅವರು ತೂಕ ಇಳಿಸಬೇಕಿಲ್ಲ. ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧ ಗಂಟೆಯಂತೆ, ಮೈ ಬೆವರುವಷ್ಟು ಬಿರುಸಾಗಿ ನಡೆಯಬೇಕು. ಕಳೆ ತೆಗೆಯುವ, ನೀರು ಹೊರುವ ಕೆಲಸವೂ ಶ್ರಮವೇ. ಕುಳಿತು ಬೀಡಿ ಕಟ್ಟುವುದು, ಹೊಲಿಗೆ ಯಂತ್ರದ ಮುಂದೆ ದಿನ ಕಳೆಯುವುದು ಈ ಲೆಕ್ಕಕ್ಕೆ ಬಾರದು. ಸಂಜೆ ಒಬ್ಬಳೇ ನಡೆದರೆ ಊರು ಆಡಿಕೊಂಡೀತೆಂಬ ಸಂಕೋಚವಿದ್ದರೆ ಪತಿಯೂ ಜೊತೆಗೆ ಹೊರಡಲಿ.

ಇಷ್ಟರಿಂದ ಸಾಲದಿದ್ದರೆ ಔಷಧಿಗಳಿವೆ. ಮೂರು ತಿಂಗಳು ಮುಟ್ಟಾಗದಿದ್ದರೆ ಮೊದಲು ಗರ್ಭಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣಲೇಬೇಕು. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ಎಡೆಯಾಗಬಹುದು. ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು. ಮಗು ಬೇಕೆನ್ನುವವರಿಗೆ ಅಂಡ ಬಲಿಯುವಂತೆ ಮಾಡುವ ಲೆಟ್ರೊಜೋಲ್ ಎಂಬ ಗುಳಿಗೆಯುಂಟು. ಇದನ್ನು ವೈದ್ಯರ ಉಸ್ತುವಾರಿಯಲ್ಲಿಯೇ ನುಂಗತಕ್ಕದ್ದು. ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ತಾಯಂದಿರಾಗುತ್ತಾರೆ. ಹೀಗಿರುವಾಗ ಎರಡನೆಯ ಮದುವೆಯ ಮಾತೆತ್ತುವುದು ಅನ್ಯಾಯ. ಪತಿಯ ವೀರ್ಯಪರೀಕ್ಷೆಯೂ ಆಗದೆ ಎತ್ತುವುದು ಅವಿವೇಕವೂ ಹೌದು. ಇನ್ನು ಮಗು ಸದ್ಯಕ್ಕೆ ಬೇಡವೆನ್ನುವವರು, ಮುಟ್ಟು ಕ್ರಮವಿಲ್ಲವೆಂದು ಗರ್ಭನಿರೋಧಕವನ್ನು ಬಿಡಕೂಡದು. ಯಾವ ತಿಂಗಳು ಅಂಡ ಬಿಡುಗಡೆಯಾಗುವುದೆಂದು ಮುಂದಾಗಿ ಹೇಳಲು ಬಾರದು. ವೈದ್ಯರು ತಪಾಸಣೆ ಮಾಡಿ ಕೊಡುವ ಗರ್ಭನಿರೋಧಕ ಗುಳಿಗೆ ಇಂಥವರಲ್ಲಿ ಮುಟ್ಟನ್ನೂ ಕ್ರಮಗೊಳಿಸುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲ ಸಲ ಹೋಗುವಾಗ, ಕಳೆದ ಆರು ತಿಂಗಳಲ್ಲಿ ಮುಟ್ಟಾದ ದಿನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ಹಳೆಯ ಸ್ಕ್ಯಾನಿಂಗ್ ಚೀಟಿಯನ್ನೂ, ನುಂಗುತ್ತಿರುವ ಗುಳಿಗೆಗಳನ್ನೂ ಜೊತೆಗೆ ತನ್ನಿರಿ. ದಾರಿ ತಿಳಿಯದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಪತಿಯು ಹೊರಗೆ ಚಹಾದಂಗಡಿಯಲ್ಲಿ ಕಾಯುತ್ತಾ ನಿಲ್ಲದೆ, ಪತ್ನಿಯೊಡನೆ ಒಳಗೆ ಬಂದು ವೈದ್ಯರ ಮಾತನ್ನು ತಾನೂ ಕೇಳಬೇಕು.