ತಳದಾಗ ಏನ್ ಹಾಕ್ಯಾರ? ಕೆಂಪು ಕೆಸರು ಮತ್ತು ನಮ್ಮ ಮಣ್ಣು

ಹಿಂಡಲಗಾದಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಮಣ್ಣು. ಬೋರ್ ಅಂತ ಸ್ಕಿಪ್ ಮಾಡಬ್ಯಾಡ್ರಿ, ಇದು ನಿಮ್ಮ ಬಾವಿ ನೀರಿನ ವಿಷಯ.

ಬೆಳಗಾವಿಯಲ್ಲಿ ಹಿಂಡಾಲ್ಕೊ ಅಲ್ಯೂಮಿನಾ ಕಾರ್ಖಾನೆ ಇರೋದು ನಿಮಗೆಲ್ಲ ಗೊತ್ತು. ಬಾಕ್ಸೈಟ್ ಅದಿರನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಅಲ್ಯೂಮಿನಾ ತೆಗೀತಾರೆ. ಉಳಿಯೋದು ಕೆಂಪು ಕೆಸರು, ಅಂದ್ರೆ ರೆಡ್ ಮಡ್. ಒಂದು ಟನ್ ಅಲ್ಯೂಮಿನಾಕ್ಕೆ ಹೆಚ್ಚುಕಮ್ಮಿ ಒಂದರಿಂದ ಒಂದೂವರೆ ಟನ್ ಕೆಸರು. ಅದರಲ್ಲಿ ಕ್ಷಾರ ಜಾಸ್ತಿ. ಸ್ವಲ್ಪ ಭಾಗ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುತ್ತೆ. ಆದರೆ ಇಂಥ ಕೆಸರನ್ನು ಎಲ್ಲಿ ಕೂಡಿಟ್ಟರೂ ಒಂದು ಪ್ರಶ್ನೆ ಇದ್ದೇ ಇರುತ್ತೆ: ಅದರ ತಳ ಎಂಥಾದ್ದು?

ಗೋಡೆ ಒಡೆದರೆ ಸುದ್ದಿ ಆಗುತ್ತೆ. 2010ರ ಅಕ್ಟೋಬರ್ 4ರಂದು ಹಂಗೇರಿಯ ಅಯ್ಕಾದಲ್ಲಿ ಒಡ್ಡು ಒಡೆದು 10 ಜನ ಸತ್ತರು. 2019ರ ಏಪ್ರಿಲ್‌ನಲ್ಲಿ ಜಾರ್ಖಂಡದ ಮುರಿಯಲ್ಲಿ ಕೆಸರಿನ ರಾಶಿ ಕುಸಿಯಿತು. ತಳ ಸೋರಿದರೆ ಮಾತ್ರ ಯಾವ ಕ್ಯಾಮೆರಾನೂ ಬರಲ್ಲ. ವರ್ಷಗಟ್ಟಲೆ ಆದಮೇಲೆ ಬಾವಿ ನೀರಿನ ರುಚಿ ಬದಲಾಗುತ್ತೆ, ಅಷ್ಟೇ.

ಅದಕ್ಕೇ ತಳಕ್ಕೆ ಜೇಡಿಮಣ್ಣಿನ ಪದರ ಹಾಕ್ತಾರೆ, ಇದಕ್ಕೆ ಲೈನರ್ ಅಂತಾರೆ. ಎಷ್ಟು ಬಿಗಿ ಇರಬೇಕು? ಎಲ್ಲಾ ಕಡೆ ಬಳಸೋ ಅಳತೆ ಇದು: ನೀರು ಇಳಿಯೋ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಒಂದು ಕೋಟಿಯಲ್ಲಿ ಒಂದು ಭಾಗ ಮೀರಬಾರದು. ಊರಿನ ಕಸದ ಲ್ಯಾಂಡ್‌ಫಿಲ್‌ಗೇ ನಮ್ಮ ದೇಶದ 2016ರ ನಿಯಮ ಇಂಥ 90 ಸೆಂ.ಮೀ. ಮಣ್ಣು, ಅದರ ಮೇಲೆ 1.5 ಮಿ.ಮೀ. ಎಚ್‌ಡಿಪಿಇ ಹಾಳೆ ಕೇಳಿತ್ತು.

ನಾನು ಕಾಮರ್ಸ್ ಓದಿದವ, ಲೆಕ್ಕ ಹಾಕಿ ನೋಡಿದೆ. ಆ ವೇಗ ಅಂದ್ರೆ ವರ್ಷಕ್ಕೆ ಸುಮಾರು 3 ಸೆಂ.ಮೀ. ನೀರು. ಕಡಿಮೆ ಅನ್ಸುತ್ತೆ ಅಲ್ವಾ? ಒಂದು ಹೆಕ್ಟೇರಿಗೆ ಅದು 3 ಲಕ್ಷ ಲೀಟರ್! ಮಣ್ಣು ಹತ್ತು ಪಟ್ಟು ಸಡಿಲ ಇದ್ದರೆ 30 ಲಕ್ಷ. ಮೇಲೆ ನೀರು ಎತ್ತರಕ್ಕೆ ನಿಂತರೆ ಇನ್ನೂ ಜಾಸ್ತಿ. ಹಾಳೆನೂ ಬೇಕು, ನಿಂತ ನೀರನ್ನ ಹೊರಗೆ ಹರಿಸೋ ವ್ಯವಸ್ಥೆನೂ ಬೇಕು ಅನ್ನೋದು ಅದಕ್ಕೇ.

ಹಂಗಾದ್ರ ಯಾವ ಮಣ್ಣು? ನಮ್ಮ ಹಿಂಡಲಗಾ, ಖಾನಾಪುರ ಕಡೆ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು. ಜಂಬಿಟ್ಟಿಗೆಯಲ್ಲಿ ತೂತು ಜಾಸ್ತಿ, ಮಳೆ ನೀರು ಸೀದಾ ಇಳಿಯುತ್ತೆ. ಬೈಲಹೊಂಗಲ, ಸವದತ್ತಿ ಕಡೆಯ ಎರೆಮಣ್ಣು ಹಸಿ ಇದ್ದಾಗ ನೀರು ಬಿಡಲ್ಲ ಖರೆ. ಆದರೆ ಬೇಸಿಗೆಯಲ್ಲಿ ಆ ಹೊಲದಾಗ ಬಿರುಕು ನೋಡೀರಲ್ಲ, ಕೈ ಹಾಕಬಹುದು. ಲೈನರ್ ಒಣಗಿ ಹಂಗೆ ಬಿರಿದರೆ ಮುಗೀತು. ಅಂದ್ರೆ ಅಂಟೂ ಬೇಕು, ಅತಿ ಅಂಟೂ ಇರಬಾರದು. ದಪ್ಪ ಕಲ್ಲು, ಹೆಂಟೆ, ಬೇರು ಇರಬಾರದು. ಸುಮಾರು 15 ಸೆಂ.ಮೀ. ಪದರ ಪದರವಾಗಿ, ಸ್ವಲ್ಪ ಹಸಿ ಜಾಸ್ತಿ ಇಟ್ಟು, ಕಾಲುಗಳಿರೋ ರೋಲರ್‌ನಿಂದ ರೊಟ್ಟಿ ಹಿಟ್ಟು ನಾದಿದಂಗೆ ನಾದಬೇಕು. ಮೇಲಿನ ಪದರ ಒಣಗೋ ಮುಂಚೆ ಮುಚ್ಚಬೇಕು.

ಇನ್ನೊಂದು ಮುಖ್ಯ ಮಾತು. ಲ್ಯಾಬಿನಲ್ಲಿ ಬರೀ ನಲ್ಲಿ ನೀರು ಹಾಕಿ ಪರೀಕ್ಷೆ ಮಾಡಿದರೆ ಸಾಲದು. ಕ್ಷಾರ ಜೇಡಿಯ ಗುಣವನ್ನೇ ಬದಲಿಸಬಹುದು. ಅಲ್ಲಿ ನಿಲ್ಲೋ ದ್ರವದಿಂದಲೇ ಪರೀಕ್ಷೆ ಆಗಬೇಕು.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ? ದೊಡ್ಡ ಗಣಿ, ಕಾರ್ಖಾನೆಗಳಿಗೆ ಪರಿಸರ ಅನುಮತಿ ಕೊಡೋ ಮುಂಚೆ, 2006ರ ಅಧಿಸೂಚನೆ ಪ್ರಕಾರ ಸಾರ್ವಜನಿಕ ವಿಚಾರಣೆ ನಡೆಯುತ್ತೆ. ವರದಿಯ ಸಾರಾಂಶ ಕನ್ನಡದಾಗೂ ಸಿಗಬೇಕು. ಅಲ್ಲಿ ನಾವು ಬರೀ ಕೆಲಸ ಎಷ್ಟು ಜನಕ್ಕೆ ಅಂತ ಕೇಳಿ ಬರ್ತೀವಿ. ಅದನ್ನೂ ಕೇಳ್ರಿ. ಜೊತೆಗೆ ಈ ನಾಲ್ಕು ಕೇಳ್ರಿ: ಮಣ್ಣು ಎಲ್ಲಿಂದ ತರ್ತೀರಿ? ಎಷ್ಟು ದಪ್ಪ? ಯಾವ ದ್ರವದಿಂದ ಪರೀಕ್ಷೆ ಮಾಡಿದಿರಿ? ಸುತ್ತಲಿನ ಬಾವಿಗಳ ನೀರಿನ ವರದಿ ಎಲ್ಲಿ? ಉತ್ತರವನ್ನ ನಡಾವಳಿಯಲ್ಲಿ ಬರೆಸ್ರಿ.

ನಿಮ್ಮೂರಿನ ಬಾವಿ ನೀರು ಹೆಂಗೈತಿ ಅಂತ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಸಿಗೋಣ.