ತಂತಿಯ ಎತ್ತರ



ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರಿಗೆ ಚಿತ್ರೀಕರಣಕ್ಕೆಂದು ಹೋಗಿದ್ದಾಗ ಪಿ.ಯು.ಸಿ. ಓದುವ ಹುಡುಗನೊಬ್ಬ ತನ್ನ ಗಿಟಾರನ್ನು ತಂದು ತೋರಿಸಿದ. "ಮಾರಿಬಿಡಬೇಕಂತ ಮಾಡೇನ್ರಿ ಸರ್, ನನ್ನ ಬೆರಳಾಗ ಬಲಾ ಇಲ್ರಿ" ಎಂದ. ಬೆರಳ ತುದಿಗಳಲ್ಲಿ ಬೊಕ್ಕೆಗಳೆದ್ದಿದ್ದವು. ವಾದ್ಯವನ್ನು ಕೈಗೆ ತೆಗೆದುಕೊಂಡು ನೋಡಿದೆ. ತಪ್ಪು ಬೆರಳಿನದಲ್ಲ, ನಟ್ಟಿನದು.

ನಟ್ ಎಂದರೆ ಬಿರಡೆಗಳಿಂದ ಬಂದ ತಂತಿಗಳು ಹಾದುಹೋಗುವ, ಮೂಳೆಯ ಇಲ್ಲವೆ ಪ್ಲಾಸ್ಟಿಕ್ಕಿನ ಪುಟ್ಟ ಪಟ್ಟಿ. ಅದರ ಕಚ್ಚು ಸಾಕಷ್ಟು ಆಳವಿಲ್ಲದಿದ್ದರೆ ತಂತಿ ಮೇಲೆ ನಿಲ್ಲುತ್ತದೆ. ಮೊದಲ ಫ್ರೆಟ್ಟಿನಲ್ಲಿ ಒತ್ತಿದಾಗ ಅದು ಹೆಚ್ಚು ಹಿಗ್ಗುತ್ತದೆ, ಬಿಗಿತ ಏರುತ್ತದೆ. ಕಂಪನದ ಆವೃತ್ತಿ ಬಿಗಿತದ ವರ್ಗಮೂಲವನ್ನು ಅನುಸರಿಸುವುದೆಂದು ನೀವು ಓದಿದ್ದೀರಿ. ಆದ್ದರಿಂದ ಬೆರಳು ನೋಯುವುದಷ್ಟೇ ಅಲ್ಲ, ಶ್ರುತಿಯೂ ಏರುತ್ತದೆ.

ಪರೀಕ್ಷೆ ಸುಲಭ. ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು ಮೊದಲ ಫ್ರೆಟ್ಟಿನ ಮೇಲಿನ ಸಂದನ್ನು ನೋಡಿ. ಒಂದು ಹಾಳೆ ಕಾಗದ ತೂರುವಷ್ಟಿದ್ದರೆ ಸಾಕು. ಈ ಹುಡುಗನದರಲ್ಲಿ ಅಂಚೆ ಕಾರ್ಡನ್ನು ಮಡಿಸಿ ತೂರಿಸಬಹುದಿತ್ತು!

ಊರಿನ ಅಕ್ಕಸಾಲಿಗರೊಬ್ಬರಿಂದ ಸಣ್ಣ ಅರಗಳನ್ನು ತರಿಸಿದೆವು. ತಂತಿಯನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿ, ಅದರಷ್ಟೇ ಅಗಲದ ಅರದಿಂದ, ಬಿರಡೆಯ ಕಡೆಗೆ ಇಳಿಜಾರಾಗುವಂತೆ ಎರಡು ಮೂರು ಸಲ ಉಜ್ಜಬೇಕು. ಮತ್ತೆ ಶ್ರುತಿ ಮಾಡಿ ನೋಡಬೇಕು. ಆತುರ ಕೂಡದು. ಕಾಲೇಜಿನ ದಿನಗಳಲ್ಲಿ ನಾನು ಗರಗಸದ ಬ್ಲೇಡಿನಿಂದ ಉಜ್ಜಿ ಒಂದು ನಟ್ಟನ್ನು ಕೆಡಿಸಿದ್ದೇನೆ. ಕಚ್ಚು ಆಳವಾದರೆ ತಂತಿ ಮೊದಲ ಫ್ರೆಟ್ಟಿಗೆ ತಗುಲಿ ಗಿರಗುಟ್ಟುತ್ತದೆ.

ಇನ್ನೊಂದು ತುದಿಯಲ್ಲಿರುವುದು ಸ್ಯಾಡಲ್. ಗಿಟಾರಿನ ಕತ್ತು ಬಾಗಿಲ್ಲದಿದ್ದರೆ ಮಾತ್ರ ಅದರ ತಳವನ್ನು ಉಜ್ಜಬೇಕು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಉಕ್ಕಿನ ತಂತಿ ಸುಮಾರು 2ರಿಂದ 2.5 ಮಿಲಿಮೀಟರ್ ಎತ್ತರವಿದ್ದರೆ ನುಡಿಸಲು ಹಿತ. ಅಲ್ಲಿ ಅರ್ಧ ಮಿ.ಮೀ. ತಗ್ಗಬೇಕಾದರೆ ಸ್ಯಾಡಲ್ ಒಂದು ಮಿ.ಮೀ. ತಗ್ಗಬೇಕು. ಏಕೆ? ಆ ಫ್ರೆಟ್ ತಂತಿಯ ನಟ್ಟ ನಡುವೆ ಇದೆ. ಸಮರೂಪ ತ್ರಿಭುಜಗಳನ್ನು ಬರೆದು ನೋಡಿ.

ವಿಚಿತ್ರವೆಂದರೆ, ಗಿಟಾರಿನವರು ಅಂಜುವ ಈ ಗಿರಗುಟ್ಟುವಿಕೆಯನ್ನೇ ತಂಬೂರಿಯವರು ಬೇಕೆಂದು ಕರೆತರುತ್ತಾರೆ. ಇದು ಚೀಕಲಪರ್ವಿಯ ವಿಜಯದಾಸರ, ಮಾನ್ವಿಯ ಜಗನ್ನಾಥದಾಸರ ಸೀಮೆ. ತಂಬೂರಿ ಇಲ್ಲಿ ಮನೆಯ ವಾದ್ಯ. ಅದರ ಕುದುರೆಯ ಮೇಲ್ಮೈ ಬಾಗಿರುತ್ತದೆ. ತಂತಿಯ ಅಡಿಗೆ ಒಂದೆಳೆ ದಾರವನ್ನಿಡುತ್ತಾರೆ. ಕಂಪಿಸುವ ತಂತಿ ಕುದುರೆಯನ್ನು ಸವರಿ ಸವರಿ ಏಳುತ್ತದೆ. ಯಾವುದೇ ಉಪಸ್ವರದ ನಿಸ್ಪಂದ ಬಿಂದುವಿನಲ್ಲಿ ಮೀಟಿದರೆ ಆ ಉಪಸ್ವರ ಹುಟ್ಟಬಾರದೆಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ನಿಯಮ. ತಂಬೂರಿಯಲ್ಲಿ ಅದೂ ಕೇಳಿಬರುತ್ತದೆಂದು ಸಿ.ವಿ. ರಾಮನ್ 1921ರಲ್ಲಿಯೇ ತೋರಿಸಿದರು.

ಆ ಹುಡುಗನ ಮನೆಯ ಗೋಡೆಯ ಮೇಲೂ ಒಂದು ತಂಬೂರಿ ಇತ್ತು. ಅವನ ಅಜ್ಜ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ನಾದವನ್ನು ಎಬ್ಬಿಸುವುದನ್ನು ಚಿತ್ರೀಕರಿಸಿಕೊಂಡೆವು. ಮೊಮ್ಮಗ ಅಷ್ಟರಲ್ಲಿ ಐದು ಕಚ್ಚುಗಳನ್ನು ಮುಗಿಸಿ ಆರನೆಯದಕ್ಕೆ ಅರ ಹಚ್ಚಿದ್ದ.